ಮಾವನವರ ಕಾರಿನ ಕೆಂಪು ಹನಿ

ಪಾರ್ಸೆಲ್ ಆಫೀಸಿನ ಬಿಗಿಯಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆ. ಅದು ಈಗ ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿದೆ. ಬಿಗಿಯಪ್ಪ ಎಂಬ ಹೆಸರನ್ನು ಅವನು ಸ್ವಂತ ದುಡಿಮೆಯಿಂದ ಸಂಪಾದಿಸಿದ್ದು. ಅವನು ದಾರ ಕಟ್ಟಿ ಕಳಿಸಿದ ಪಾರ್ಸೆಲ್ಲನ್ನು ಯಾರೂ ಬಿಚ್ಚುವುದಿಲ್ಲ, ಕೊಡಲಿ ತರುತ್ತಾರೆ. ಯಾರೋ ತಮ್ಮನಿಗೆಂದು ಪ್ರೀತಿಯಿಂದ ಕಳಿಸಿದ ಟೋಪಿ ಊರು ಮುಟ್ಟುವಷ್ಟರಲ್ಲಿ ಲಕೋಟೆಯಾಗಿತ್ತು. ಆಫೀಸಿನ ನಲ್ಲಿಯನ್ನು ಅವನು ನಿಲ್ಲಿಸಿದ ದಿನ ಉಳಿದವರಿಗೆ ಕೈ ತೊಳೆಯುವ ಭಾಗ್ಯವಿಲ್ಲ. ಮನೆಯಲ್ಲಿ ಸಕ್ಕರೆ ಡಬ್ಬಿಯ ಮುಚ್ಚಳವನ್ನು ಅವನೇನಾದರೂ ಹಾಕಿದನೆಂದರೆ, ಬಂದ ನೆಂಟರು ಸಪ್ಪೆ ಕಾಫಿ ಕುಡಿದು ಹೋಗಬೇಕು.

ಇದನ್ನು ತೋಳ್ಬಲವೆಂದು ಯಾರೂ ತಪ್ಪು ತಿಳಿಯಬಾರದು. ಬಿಗಿಯಪ್ಪನದು ಅಪ್ಪಟ ಹೆದರಿಕೆಯ ಬಿಗಿ. ಬಿಚ್ಚಿಕೊಂಡರೆ? ಸೋರಿದರೆ? ಬಿದ್ದುಹೋದರೆ? ಇಂಥ ಒಂದು ಪ್ರಶ್ನೆ ತಲೆಯಲ್ಲಿ ಎದ್ದರೆ ಸಾಕು, ಕೈ ತಾನಾಗಿಯೇ ಇನ್ನೊಂದು ಸುತ್ತು ತಿರುಗಿಸಿಬಿಡುತ್ತದೆ. ಅವನು ಹಲ್ಲಿಗೆ, ನಾಯಿಗೆ, ಮೇಲಧಿಕಾರಿಗೆ, ಫೋನಿನ ಗಂಟೆಗೆ, ಫೋನು ಬಾರದಿದ್ದರೆ ಅದಕ್ಕೂ ಹೆದರುತ್ತಿದ್ದ. ಆದರೆ ಈ ಹೆದರಿಕೆಗಳೆಲ್ಲ ಎದ್ದು ನಿಂತು ನಮಸ್ಕಾರ ಮಾಡುವಂಥ ದೊಡ್ಡ ಹೆದರಿಕೆ ಒಂದಿತ್ತು. ಅದು ಅವನ ಹೆಂಡತಿಯ ತಂದೆ.

ಮಾವನವರು ಜೈಲರಾಗಿ ನಿವೃತ್ತರಾದವರು. ಅವರು ಕೆಮ್ಮಿದರೆ ಎದುರಿಗಿದ್ದವರು ತಾವಾಗಿಯೇ ಸಾಲಾಗಿ ನಿಲ್ಲುತ್ತಿದ್ದರು. ಮಗಳ ಮನೆಗೆ ಬಂದಾಗ ಮೊದಲು ಕುಳಿತುಕೊಳ್ಳುವ ಅಭ್ಯಾಸವಿಲ್ಲ. ಒಂದೊಂದೇ ಕಿಟಕಿಯ ಸರಳನ್ನು ಹಿಡಿದು ಅಲ್ಲಾಡಿಸಿ, ಗೋಡೆಯನ್ನು ಬೆರಳಿನಿಂದ ಕುಟ್ಟಿ, ಆಮೇಲೆ ಕುರ್ಚಿ. ದೊಡ್ಡ ಮಗಳ ಗಂಡನನ್ನು ಬಾಯಿ ತುಂಬ "ಅಳಿಯಂದ್ರೇ" ಎಂದು ಕರೆಯುತ್ತಿದ್ದರು. ಬಿಗಿಯಪ್ಪನನ್ನು ಮಾತ್ರ ಮದುವೆಯಾದ ದಿನದಿಂದ ಇಂದಿನವರೆಗೆ "ಏನ್ರೀ ಪಾರ್ಸೆಲ್ಲು" ಎಂದೇ ಕರೆದದ್ದು. ಬಿಗಿಯಪ್ಪ ಆಗ ಹಲ್ಲು ಬಿಟ್ಟು ನಗುತ್ತಿದ್ದನಾದರೂ ಒಳಗೊಳಗೇ ಅವನಿಗೆ ಬಹಳ ನೋವಾಗುತ್ತಿತ್ತು. ಸಾಯುವುದರೊಳಗೆ ಒಂದೇ ಒಂದು ಸಲ ಅಳಿಯ ಅನ್ನಿಸಿಕೊಳ್ಳಬೇಕು ಎಂಬುದು ಅವನ ಜೀವಮಾನದ ಆಸೆ.

ಇನ್ನು ಅತ್ತೆ. ಮೆಲುಮಾತಿನ ಪುಟ್ಟ ಹೆಂಗಸು, ಕೈಯಲ್ಲಿ ಅವರಿಗಿಂತ ದೊಡ್ಡ ಚೀಲ. ಇಂಥ ಗಂಡನ ಜೊತೆ ಈಕೆ ಹೇಗೆ ಬಾಳಿದರೋ ಪಾಪ, ಎಂದು ಬಿಗಿಯಪ್ಪ ಅವರನ್ನು ಕಂಡಾಗಲೆಲ್ಲ ಮರುಗುತ್ತಿದ್ದ.

ಹೀಗಿರುವಾಗ ಮಾವನವರ ಕಣ್ಣಿಗೆ ಪೊರೆ ಬಂತು. ಆಪರೇಷನ್ನಿಗೆಂದು ದೊಡ್ಡ ಮಗಳ ಊರಿಗೆ ಹೋಗುವುದೆಂದಾಯಿತು. ಹೊರಡುವ ದಿನ, ಬಸ್ಸು ಹಿಡಿಯುವ ಮುಂಚೆ, ತಮ್ಮ ಕಾರಿನಲ್ಲಿ ಬಿಗಿಯಪ್ಪನ ಮನೆಗೆ ಬಂದಿಳಿದರು. ಅದು ಗೇರು ತಾನಾಗಿಯೇ ಬದಲಾಗುವ ಜಾತಿಯ ಕಾರು. ಡಾಕ್ಟರು ಮಾವನವರಿಗೆ ಸ್ಟಿಯರಿಂಗ್ ಮುಟ್ಟಕೂಡದೆಂದು ಹೇಳಿದ್ದರಿಂದ ಅತ್ತೆಯೇ ದಿಂಬಿನ ಮೇಲೆ ಕುಳಿತು ಓಡಿಸಿಕೊಂಡು ಬಂದಿದ್ದರು.

ಅತ್ತೆ ಒಳಗೆ ಹೋದದ್ದನ್ನು ನೋಡಿಕೊಂಡು ಮಾವನವರು ಬಿಗಿಯಪ್ಪನನ್ನು ಕಾರು ನಿಲ್ಲಿಸಿದ್ದ ಶೆಡ್ಡಿನ ಮೂಲೆಗೆ ಕರೆದರು.

"ಗಾಡಿ ನಿಮ್ಮಲ್ಲಿರಲಿ. ನಾವು ಬರೋ ತನಕ ಜವಾಬ್ದಾರಿ ನಿಮ್ದು."

"ನನ್... ನನ್ನದಾ?"

"ನಿಮ್ದೇ. ಸುಮ್ನೆ ನಿಲ್ಲಿಸ್ಬೇಡಿ, ಓಡಿಸಿ. ಆಫೀಸಿಗೆ ತಗೊಂಡು ಹೋಗಿ. ಹಳ್ಳ ದಿಣ್ಣೆ ಅಂತ ನೋಡ್ಬೇಡಿ, ಚೆನ್ನಾಗಿ ಓಡಿಸಿ."

ಮಾವನವರು ಇಷ್ಟು ಉದಾರವಾಗಿ ಮಾತಾಡಿದ್ದನ್ನು ಬಿಗಿಯಪ್ಪ ಹಿಂದೆಂದೂ ಕೇಳಿರಲಿಲ್ಲ. ಕೀಲಿ ಅಂಗೈಗೆ ಬಿದ್ದಾಗ ಅವನ ಕಣ್ಣು ತುಂಬಿ ಬಂತು. ದೊಡ್ಡ ಅಳಿಯನಿಗೂ ಕೊಡದ ಕಾರನ್ನು ತನಗೆ ನಂಬಿ ಕೊಟ್ಟಿದ್ದಾರೆ. ಇನ್ನೇನು, ತಿರುಗಿ ಬಂದಾಗ ಕಾರು ಹೇಗಿತ್ತೋ ಹಾಗೇ ಒಪ್ಪಿಸಿದರೆ ಅಳಿಯ ಎಂಬ ಆ ಮಾತು ಅವರ ಬಾಯಿಂದ ಬಂದೇ ಬರುತ್ತದೆ ಎಂದು ಲೆಕ್ಕ ಹಾಕಿದ.

ಅಲ್ಲಿಗೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮನುಷ್ಯನಿಗೆ ಆಫೀಸು ಎಂಬುದೊಂದಿರುತ್ತದಲ್ಲ. ಮಾರನೆಯ ದಿನವೇ ಬಿಗಿಯಪ್ಪ ಕಾರನ್ನು ತಳ್ಳುಗಾಡಿಯ ವೇಗದಲ್ಲಿ ಓಡಿಸಿಕೊಂಡು ಹೋಗಿ ಪಾರ್ಸೆಲ್ ಆಫೀಸಿನ ಬಾಗಿಲಿಗೇ ನಿಲ್ಲಿಸಿದ. ಗುಮಾಸ್ತರೆಲ್ಲ ಹೊರಗೆ ಬಂದರು. ಸೂಪರಿಂಟೆಂಡೆಂಟರು ಕನ್ನಡಕ ಏರಿಸಿ, "ಯಾರದ್ರೀ ಇದು?" ಎಂದರು.

"ಮನೇದೇ ಸಾರ್," ಎಂದ ಬಿಗಿಯಪ್ಪ, ಆಕಾಶ ನೋಡುತ್ತ.

ಅದು ಸುಳ್ಳಲ್ಲ, ಆದರೆ ನಿಜವೆಂದು ಆಣೆ ಮಾಡುವಂಥದ್ದೂ ಅಲ್ಲ. ಸಂಜೆ ಹಿಂದಿರುಗುವಾಗ ಕೈಬೀಸಿದ ಗುಮಾಸ್ತರ ಕಡೆಗೆ ಕೈಬೀಸುತ್ತಿದ್ದವನಿಗೆ ಎದುರಿಗಿದ್ದ ರಸ್ತೆಯುಬ್ಬು ಕಾಣಲಿಲ್ಲ. ಕಾರಿನ ಹೊಟ್ಟೆಗೆ ಅದು ಧಡ್ಡೆಂದು ಬಡಿಯಿತು. 

ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಕಾರಿನ ಕೆಳಗೆ ಊಟದ ತಟ್ಟೆಯಗಲ ಕೆಂಪು ಎಣ್ಣೆ ನಿಂತಿತ್ತು. ಅದರ ಮೇಲೆ ಇನ್ನೊಂದು ಹನಿ ಬಿತ್ತು. ಬಿಗಿಯಪ್ಪ ಗೋಡೆ ಹಿಡಿದುಕೊಂಡ.

ಬೇರೆಯವರಾಗಿದ್ದರೆ ಗ್ಯಾರೇಜಿಗೆ ಒಯ್ಯುತ್ತಿದ್ದರು. ಬಿಗಿಯಪ್ಪನಿಗೆ ಆ ದಾರಿಯೂ ಮುಚ್ಚಿತ್ತು. ಏಕೆಂದರೆ ಊರಿನ ಮೆಕ್ಯಾನಿಕ್ಕುಗಳಲ್ಲಿ ಬಹುಪಾಲು ಜನ ಸ್ಪ್ಯಾನರ್ ಹಿಡಿಯುವುದನ್ನು ಕಲಿತದ್ದೇ ಮಾವನವರ ಜೈಲಿನ ವರ್ಕ್‌ಶಾಪಿನಲ್ಲಿ. ಶಿಕ್ಷೆ ಮುಗಿಸಿ ಬಂದು ಗ್ಯಾರೇಜು ಇಟ್ಟುಕೊಂಡು ಮರ್ಯಾದೆಯಿಂದ ಬದುಕುತ್ತಿದ್ದರೂ ಹಳೆಯ ವಿಧೇಯತೆ ಹೋಗಿರಲಿಲ್ಲ. ಆ ಕಾರು ಬೀದಿಯಲ್ಲಿ ಹೋದರೆ ಈಗಲೂ ಎದ್ದು ನಿಂತು ಸೆಲ್ಯೂಟ್ ಹೊಡೆಯುತ್ತಾರೆ. ಅವರಲ್ಲಿ ಯಾರ ಹತ್ತಿರ ಹೋದರೂ ಸಂಜೆಯೊಳಗೆ "ಸಾಹೇಬ್ರೇ, ನಿಮ್ಮ ಗಾಡಿ..." ಎಂದು ಫೋನು ಹೋಗುವುದು ಖಂಡಿತ. ಹೆಂಡತಿಗೆ ಹೇಳೋಣವೆಂದರೆ ಅವಳು ಅಪ್ಪನಿಗೆ ಫೋನಿನಲ್ಲಿ ಅಡುಗೆಗೆ ಉಪ್ಪು ಹಾಕಿದ್ದನ್ನೂ ವರದಿ ಮಾಡುವವಳು.

ಹಾಗಾಗಿ ಬಿಗಿಯಪ್ಪ ತಾನೇ ರಿಪೇರಿ ಮಾಡುವುದೆಂದು ತೀರ್ಮಾನಿಸಿದ. ಇದನ್ನು ಧೈರ್ಯ ಅನ್ನುವಂತಿಲ್ಲ. ಒಂದು ಹೆದರಿಕೆ ಇನ್ನೊಂದು ಹೆದರಿಕೆಯ ಕತ್ತು ಹಿಡಿದು ನೂಕಿದ್ದು, ಅಷ್ಟೆ.

ಶೆಡ್ಡಿನಲ್ಲಿ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ಹುಡುಕಿದ. ಬೋಳುತಲೆಯವನೊಬ್ಬ ಇಂಥದ್ದೇ ಕಾರಿನ ಕೆಳಗೆ ಮಲಗಿ ಎಲ್ಲವನ್ನೂ ತೋರಿಸುತ್ತಿದ್ದ. ಗೇರ್‌ಬಾಕ್ಸಿನ ತಳಕ್ಕೆ ತಗಡಿನ ಒಂದು ತಟ್ಟೆ. ಅದಕ್ಕೆ ಪ್ಯಾನ್ ಎನ್ನುತ್ತಾರೆ. ಅದರ ಸುತ್ತ ಸಾಲಾಗಿ ಬೋಲ್ಟುಗಳು. ನಡುವೆ ಎಣ್ಣೆ ಸೋರದ ಹಾಗೆ ಗ್ಯಾಸ್ಕೆಟ್ಟು. ಎಣ್ಣೆ ಬಸಿದು, ತಟ್ಟೆ ಬಿಚ್ಚಿ, ಹೊಸ ಗ್ಯಾಸ್ಕೆಟ್ಟು ಕೂರಿಸಿ, ಮತ್ತೆ ಬೋಲ್ಟು ಹಾಕಿ, ಎಣ್ಣೆ ತುಂಬಿದರೆ ಮುಗಿಯಿತು. ಕೊನೆಗೆ ಆ ಬೋಳುತಲೆಯವನು ಬೋಲ್ಟು ತಿರುಗಿಸುವುದನ್ನು ನಿಲ್ಲಿಸಿ, ಬೆರಳೆತ್ತಿ, ಕಣ್ಣರಳಿಸಿ ಏನನ್ನೋ ಬಹಳ ಹೊತ್ತು ಒತ್ತಿ ಒತ್ತಿ ಹೇಳಿದ.

ಏನು ಹೇಳಿದನೆಂದು ಬಿಗಿಯಪ್ಪನಿಗೆ ಗೊತ್ತಾಗಲಿಲ್ಲ. ಹೆಂಡತಿಗೆ ಕೇಳಿಸೀತೆಂಬ ಹೆದರಿಕೆಯಿಂದ ಅವನು ದನಿಯನ್ನು ಪೂರ್ತಿ ಇಳಿಸಿಬಿಟ್ಟಿದ್ದ. ಆ ಮುಖಭಾವದ ಗಾಂಭೀರ್ಯ ನೋಡಿ, ಚೆನ್ನಾಗಿ ಬಿಗಿಮಾಡಿ ಎಂದು ಹೇಳುತ್ತಿದ್ದಾನೆ ಎಂದುಕೊಂಡ. ಬಿಗಿಯಪ್ಪ ಮತ್ತೇನು ತಾನೇ ಅಂದುಕೊಂಡಾನು?

ಮುಖಕ್ಕೆ ಮಫ್ಲರ್ ಸುತ್ತಿಕೊಂಡು ದೂರದ ಬಡಾವಣೆಯ ಅಂಗಡಿಗೆ ಹೋಗಿ ಗ್ಯಾಸ್ಕೆಟ್ಟು, ಎಣ್ಣೆಯ ಕ್ಯಾನು, ಜಾಕು, ಕಬ್ಬಿಣದ ಸ್ಟ್ಯಾಂಡುಗಳನ್ನು ತಂದ. ಜಾಕ್ ಹಾಕಿ ಕಾರನ್ನೆತ್ತಿ, ಸ್ಟ್ಯಾಂಡು ಕೊಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಅದೂ ಸಾಲದೆಂದು ಬಂಪರನ್ನು ಕಿಟಕಿಯ ಸರಳಿಗೆ ಪಾರ್ಸೆಲ್ ದಾರದಿಂದ ಕಟ್ಟಿದ. ಹೆಂಡತಿ ಮಧ್ಯಾಹ್ನ ಒರಗಿದ ಹೊತ್ತು ನೋಡಿ, ಅವಳ ದೊಡ್ಡ ತಟ್ಟೆಯೊಂದನ್ನು ಅಡುಗೆಮನೆಯಿಂದ ಎತ್ತಿಕೊಂಡು ಬಂದು ಕೆಳಗೆ ತೂರಿದ.

ಬೋಲ್ಟುಗಳನ್ನು ಒಂದು ಕಡೆಯಿಂದ ಸಡಿಲಿಸಿ ಎಣ್ಣೆಯನ್ನು ನಿಧಾನವಾಗಿ ಬಸಿಯಬೇಕು. ಬಿಗಿಯಪ್ಪ ತನ್ನ ತಲೆಯಿದ್ದ ಕಡೆಯಿಂದಲೇ ಶುರುಮಾಡಿದ. ಗೇರ್‌ಬಾಕ್ಸಿನ ತಟ್ಟೆ ವಾಲಿತು. ಕೆಂಪು ಎಣ್ಣೆ ಮುಖಕ್ಕೆ, ಮೂಗಿಗೆ, "ಅಯ್ಯೋ" ಎಂದು ತೆರೆದ ಬಾಯಿಗೆ ಸುರಿಯಿತು. ಅವನು ಹೊರಳಿ ಎದ್ದು ಶೆಡ್ಡಿನ ಹಿಂದಿನ ನಲ್ಲಿಗೆ ಓಡಿ, ಕೆಮ್ಮಿ, ಕೆಂಪಗೆ ಉಗಿದು, ಮತ್ತೆ ಕೆಮ್ಮಿ, ಕರವಸ್ತ್ರದಿಂದ ಬಾಯಿ ಒರೆಸಿಕೊಂಡು ತಲೆಯೆತ್ತಿದ.

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ನರ್ಸಮ್ಮ ನೋಡುತ್ತಿದ್ದರು.

ನರ್ಸಮ್ಮ ಕ್ಷಯದ ವಾರ್ಡಿನಲ್ಲಿ ಆಯುಸ್ಸು ಸವೆಸಿ ನಿವೃತ್ತರಾದವರು. ಆರೋಗ್ಯವಂತರನ್ನು ಕಂಡರೆ ಅವರಿಗೆ ಆಸಕ್ತಿಯಿಲ್ಲ. "ಏನಾಯ್ತ್ರೀ?" ಎಂದರು, ಆಸಕ್ತಿಯಿಂದ.

ಬಿಗಿಯಪ್ಪ ಕೆಂಪಾದ ಕರವಸ್ತ್ರವನ್ನು ಬೆನ್ನ ಹಿಂದೆ ಅಡಗಿಸಿದ. "ಏನಿಲ್ಲ, ಏನೇನೂ ಇಲ್ಲ. ಅಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ, ನನ್ನ ಹೆಂಡತಿಗೆ ಮಾತ್ರ ಹೇಳ್ಬೇಡಿ."

ನರ್ಸಮ್ಮ ಬಹಳ ಹೊತ್ತು ಯಾರಿಗೂ ಹೇಳಲಿಲ್ಲ. ಬಿಗಿಯಪ್ಪ ಮಾರನೆಯ ದಿನ ಆಫೀಸಿಗೆ ಹೊರಡುವ ತನಕ ತಡೆದುಕೊಂಡರು.

"ನೋಡಮ್ಮ, ಗಾಬರಿಯಾಗ್ಬೇಡ. ನಿನ್ನ ಯಜಮಾನರು ರಕ್ತ ಕಾರ್ಕೋತಾ ಇದ್ದಾರೆ."

ಹೆಂಡತಿ ಗಾಬರಿಯಾಗದೆ ಇನ್ನೇನಾದಾಳು? ಇಬ್ಬರೂ ಶೆಡ್ಡಿಗೆ ಹೋಗಿ ಹುಡುಕಿದರು. ಹಳೆಯ ಬಕೆಟ್ಟಿನ ಹಿಂದೆ ಕೆಂಪಾದ ಬಟ್ಟೆಗಳ ಗಂಟು, ಕೆಂಪಾದ ಬನಿಯನ್ನು, ಕೆಂಪು ಅಂಟಿದ ಅಡುಗೆಮನೆಯ ತಟ್ಟೆ. ಮೂಸಿದ್ದರೆ ಎಣ್ಣೆಯೆಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಆದರೆ ನರ್ಸಮ್ಮನ ಮೂಗು ಫಿನಾಯಿಲಿನ ನಡುವೆ ದುಡಿದು ಎಂದೋ ನಿವೃತ್ತಿಯಾಗಿತ್ತು. ಹೆಂಡತಿಯ ಮೂಗು ಅಳುವಿನಿಂದ ಕಟ್ಟಿತ್ತು.

"ಈಗ್ಲೇ ಕೇಳ್ತೀನಿ ಅವರನ್ನ!"

"ಬಿಲ್ಕುಲ್ ಕೇಳಕೂಡ್ದು. ಮುಚ್ಚಿಟ್ಟುಕೊಂಡಿದ್ದಾರೆ ಅಂದ್ರೆ ಅವರಿಗೆ ಗೊತ್ತಾಗಿದೆ. ಗೊತ್ತಾಗಿರೋ ರೋಗಿ ಹೆದರಿದ್ರೆ ಅಲ್ಲಿಗೆ ಮುಗೀತು. ಪ್ರೀತಿಯಿಂದ ನೋಡ್ಕೊ, ಅಷ್ಟೇ."

ಅಂದಿನಿಂದ ಬಿಗಿಯಪ್ಪನ ಬಾಳಿನಲ್ಲಿ ಪ್ರೀತಿ ಶುರುವಾಯಿತು. ಅವನಿಗೆ ಜೀವ ಹೋದಂತಾಯಿತು.

ಹೆಂಡತಿ ಬಿಸಿ ಹಾಲು ತಂದು ಲೋಟವನ್ನು ತಾನೇ ಹಿಡಿದು ಕುಡಿಸಿದಳು. ಹಣ್ಣು ಹೆಚ್ಚಿಕೊಟ್ಟಳು. ಸಕ್ಕರೆ ಡಬ್ಬಿಯ ವಿಷಯಕ್ಕೆ ಬೈಯುವುದನ್ನೇ ಬಿಟ್ಟಳು. ಊಟಕ್ಕೆ ಕುಳಿತವನ ಮುಖವನ್ನೇ ನೋಡುತ್ತ, "ರೀ, ನೀವು ತುಂಬ ಒಳ್ಳೆಯವರು," ಎಂದು ಹೇಳಿ ಸೆರಗಿನಲ್ಲಿ ಕಣ್ಣೊತ್ತಿಕೊಂಡು ಒಳಗೆ ಹೋದಳು. ಬಿಗಿಯಪ್ಪ ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದ. ಇವಳಿಗೆ ಸೋರಿಕೆಯ ವಿಷಯ ಗೊತ್ತಾಗಿದೆ! ಗಲ್ಲಿಗೇರಿಸುವ ಮುಂಚೆ ಕೈದಿಗೆ ಇಷ್ಟದ ಊಟ ಹಾಕುತ್ತಾರೆಂದು ಮಾವನವರೇ ಒಮ್ಮೆ ಹೇಳಿದ್ದರು. ಜೈಲರ ಮಗಳಿಗೆ ಅದು ಗೊತ್ತಿಲ್ಲದೆ ಇರುತ್ತದೆಯೇ?

ಇತ್ತ ಕಾರು ಸೋರುವುದು ನಿಂತಿರಲಿಲ್ಲ. ಹೊಸ ಗ್ಯಾಸ್ಕೆಟ್ಟು ಹಾಕಿ ಬೋಲ್ಟುಗಳನ್ನು ತನ್ನ ಹೆಸರಿಗೆ ತಕ್ಕಂತೆ ಬಿಗಿದಿದ್ದ. ಬೆಳಿಗ್ಗೆ ನೋಡಿದರೆ ಒಂದು ಹನಿ. ಹೆದರಿ ಇನ್ನೊಂದು ಸುತ್ತು ಬಿಗಿದ. ಸಂಜೆಗೆ ಹನಿಯ ಪಕ್ಕ ಇನ್ನೊಂದು ಹನಿ. ಮತ್ತಷ್ಟು ಹೆದರಿ, ಸ್ಪ್ಯಾನರಿನ ಹಿಡಿಗೆ ಕಬ್ಬಿಣದ ಕೊಳವೆ ಸಿಕ್ಕಿಸಿ, ಕಾಲನ್ನು ಚಕ್ರಕ್ಕೊತ್ತಿ ಬಿಗಿದ. ಹಿಂಡಿಹೋದ ಗ್ಯಾಸ್ಕೆಟ್ಟು ತಟ್ಟೆಯ ಅಂಚಿನಿಂದ ನಾಲಿಗೆಯಂತೆ ಹೊರಗೆ ಚಾಚಿತು. ಹನಿ ಹೋಗಿ ಎಳೆಯಾಯಿತು. ಬಿಗಿದಷ್ಟೂ ಸೋರುತ್ತಿತ್ತು, ಸೋರಿದಷ್ಟೂ ಬಿಗಿಯುತ್ತಿದ್ದ. ದಿನದಿಂದ ದಿನಕ್ಕೆ ಅವನ ಮುಖ ಬಿಳಿಚಿಕೊಂಡು, ಕಣ್ಣ ಸುತ್ತ ಕಪ್ಪಾಗಿ, ನರ್ಸಮ್ಮ ಹೇಳಿದ ಲಕ್ಷಣಗಳೆಲ್ಲ ಒಂದೊಂದಾಗಿ ಕಾಣಿಸಿಕೊಳ್ಳತೊಡಗಿದವು.

ಆಫೀಸಿನಲ್ಲಾದರೂ ನೆಮ್ಮದಿಯೇ ಎಂದರೆ ಅದೂ ಇಲ್ಲ. ಸೂಪರಿಂಟೆಂಡೆಂಟರಿಗೆ ದಿನಾ ಬೆಳಿಗ್ಗೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಚುಚ್ಚುವವರು ನರ್ಸಮ್ಮನೇ. ಸೂಜಿಯ ಜೊತೆ ಸುದ್ದಿಯೂ ಒಳಗೆ ಹೋಗಿತ್ತು. ಒಂದು ಬೆಳಿಗ್ಗೆ ಬಿಗಿಯಪ್ಪ ತನ್ನ ಜಾಗಕ್ಕೆ ಬಂದರೆ ಗುಮಾಸ್ತರೆಲ್ಲ ಎದ್ದು ನಿಂತರು. ಒಬ್ಬ ಅವನಿಗೆ ಮೆತ್ತನೆಯ ಕುರ್ಚಿ ಹಾಕಿದ. ಇನ್ನೊಬ್ಬ, ಜೀವಮಾನದಲ್ಲಿ ಯಾರಿಗೂ ಚಹಾ ಕೊಡಿಸದವನು, ಚಹಾ ತಂದಿಟ್ಟ. ಸೂಪರಿಂಟೆಂಡೆಂಟರು ಹೆಗಲ ಮೇಲೆ ಕೈಯಿಟ್ಟರು.

"ನಂಗೆ ಎಲ್ಲಾ ಗೊತ್ತಾಯ್ತು ಕಣ್ರೀ."

"ಸಾರ್! ನಿಮಗೂ ಗೊತ್ತಾಯ್ತಾ?"

"ಯಾರಿಗೆ ಗೊತ್ತಿಲ್ಲ? ಧೈರ್ಯ ತಗೊಳ್ಳಿ. ಮನೇಲಿ ಮಲಗಿ ವಿಶ್ರಾಂತಿ ತಗೊಳ್ಳಿ. ನಿಮ್ಮ ಸಂಸಾರಾನ ನಾವೆಲ್ಲ ನೋಡ್ಕೋತೀವಿ."

ಬಿಗಿಯಪ್ಪ ಕುರ್ಚಿಗೆ ಕುಸಿದ. ತಾನು ಇಲ್ಲದ ಮೇಲೆ ಸಂಸಾರವನ್ನು ನೋಡಿಕೊಳ್ಳುವವರೆಗೆ ಮಾತು ಬಂದಿದೆ! ಇಡೀ ಆಫೀಸೇ ಮರುಗುತ್ತಿದೆ ಎಂದರೆ ಮಾವನವರು ಏನು ಮಾಡಬಹುದು? ಜೈಲಿನಲ್ಲಿ ಏನೇನು ಮಾಡುತ್ತಿದ್ದರೋ! ಅವನು ಚಹಾ ಮುಟ್ಟದೆ ಮನೆಗೆ ನಡೆದ.

ಬಾಗಿಲಲ್ಲೇ ಹೆಂಡತಿ ನಿಂತಿದ್ದಳು. ಅತ್ತೂ ಅತ್ತೂ ಮುಖ ಊದಿತ್ತು.

"ಅಪ್ಪನಿಗೆ ಫೋನ್ ಮಾಡ್ದೆ. ತಡೀಲಿಕ್ಕೆ ಆಗ್ಲಿಲ್ಲ. ಒಂದು ಕಣ್ಣಿನ ಆಪರೇಷನ್ ಆಗಿದೆ, ಇನ್ನೊಂದನ್ನ ಆಮೇಲೆ ಮಾಡಿಸ್ಕೋತೀನಿ ಅಂತ ಹೊರಟುಬಿಟ್ಟಿದ್ದಾರೆ. ಮಧ್ಯಾಹ್ನಕ್ಕೆ ಬರ್ತಾರೆ. ನಿಮಗೋಸ್ಕರಾನೇ."

ಒಂದು ಕಣ್ಣನ್ನು ಅರ್ಧಕ್ಕೆ ಬಿಟ್ಟು ಬರುತ್ತಿದ್ದಾರೆ!  ಬಿಗಿಯಪ್ಪನಿಗೆ ಓಡಿಹೋಗುವ ಯೋಚನೆ ಬಂತು; ಎಲ್ಲಿಗೆಂದು ಹೊಳೆಯಲಿಲ್ಲ. ಕೊನೆಗೆ ಅವನ ಕಾಲು ಅವನನ್ನು ಶೆಡ್ಡಿಗೇ ಕರೆದುಕೊಂಡು ಹೋಯಿತು. ಇನ್ನೊಂದೇ ಒಂದು ಸುತ್ತು. ಅದರಲ್ಲಿ ಸೋರಿಕೆ ನಿಂತರೆ ನಿಂತಿತು, ಇಲ್ಲದಿದ್ದರೆ ಹಣೆಯಲ್ಲಿ ಬರೆದದ್ದು. ಅವನು ಕೊಳವೆ ಸಿಕ್ಕಿಸಿದ ಸ್ಪ್ಯಾನರ್ ಹಿಡಿದು ಕಾರಿನ ಕೆಳಗೆ ತೆವಳಿದ.

ಮಲಗಿದಲ್ಲಿಂದ ಅವನಿಗೆ ಕಾಣುತ್ತಿದ್ದದ್ದು ಶೆಡ್ಡಿನ ಹೊಸ್ತಿಲು ಮಾತ್ರ. ಗೇಟಿನ ಸದ್ದಾಯಿತು. ಮೊದಲು ಹೆಂಡತಿಯ ಬರಿಗಾಲು ಬಂತು. ಆಮೇಲೆ ನರ್ಸಮ್ಮನ ಬಿಳಿ ಚಪ್ಪಲಿ, ರೋಗಿಯನ್ನು ನೋಡಲು ಬಂದಿದ್ದ ಸೂಪರಿಂಟೆಂಡೆಂಟರ ಷೂ. ಅವುಗಳ ಹಿಂದೆ, ನೆಲ ಅದುರಿಸುತ್ತ, ಮಾವನವರ ಬೂಟು. ಪಕ್ಕದಲ್ಲಿ ಅತ್ತೆಯ ಪುಟ್ಟ ಚಪ್ಪಲಿ.

"ಎಲ್ಲಿ ಅವರು?" ಮಾವನವರ ಗಂಟಲು.

ಆ ದನಿ ಕಿವಿಗೆ ಬಿದ್ದದ್ದೇ ಬಿಗಿಯಪ್ಪನ ಕೈ ತಾನಾಗಿ ತಿರುಗಿತು. ಅವನು ತನ್ನ ಬಾಳಿನಲ್ಲಿ ಯಾವುದನ್ನೂ ಅಷ್ಟು ಬಿಗಿದಿರಲಿಲ್ಲ. ಟಕ್ ಎಂದು ಬೋಲ್ಟಿನ ತಲೆಯೇ ಮುರಿದು ಕಿತ್ತುಬಂತು. ಅದೇ ರಭಸಕ್ಕೆ ಸ್ಪ್ಯಾನರ್ ಜಾರಿ ತಟ್ಟೆಯ ಅಂಚಿಗೆ ಬಡಿದು, ಎಣ್ಣೆ ಧಾರಾಕಾರವಾಗಿ ಸುರಿಯಿತು. ಉಸಿರು ಕಟ್ಟಿ ಅವನು ಹೊರಕ್ಕೆ ಜಾರಿದ. ತಲೆಯಿಂದ ಸೊಂಟದ ತನಕ ಕೆಂಪು.

ಹೆಂಡತಿ ಕಿಟಾರನೆ ಕಿರುಚಿದಳು. ನರ್ಸಮ್ಮ ನಾಡಿ ಹಿಡಿದು, "ಕೊನೇ ಹಂತ!" ಎಂದರು. ಸೂಪರಿಂಟೆಂಡೆಂಟರು ಗೋಡೆಗೊರಗಿ ಕಣ್ಣು ಮುಚ್ಚಿಕೊಂಡರು.

ಮಾವನವರ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಪೊರೆ. ಅವರಿಗೆ ಕಂಡದ್ದು ಕೆಂಪು ಒಂದೇ. ದಪ್ಪ ಮನುಷ್ಯ ದೊಪ್ಪನೆ ನೆಲಕ್ಕೆ ಕೂತು ಬಿಗಿಯಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಮಾವನವರ ತೊಡೆಯ ಮೇಲೆ ತನ್ನ ತಲೆಯಿರುವುದು ಗೊತ್ತಾಗಿ ಬಿಗಿಯಪ್ಪನಿಗೆ ಇದ್ದಬದ್ದ ಪ್ರಾಣವೂ ಹಾರಿತು.

"ಮಾವ, ತಪ್ಪಾಯ್ತು," ಎಂದು ತೊದಲಿದ. "ನಿಮ್ಮ ಗಾಡಿ ಸೋರ್ತಾ ಇದೆ. ಉಬ್ಬು ಹತ್ತಿಸ್ಬಿಟ್ಟೆ. ನಾನೇ ಸರಿ ಮಾಡೋಣ ಅಂತ..."

"ಇಷ್ಟು ದಿನ ಅದರ ಕೆಳಗೇ ಇದ್ರಾ? ಆ ಹೆದರಿಕೇಲೇ ರಕ್ತ ಕಾರ್ಕೊಂಡ್ರಾ?"  ಮಾವನವರ ಪಟ್ಟಿಯ ಕೆಳಗಿಂದ ಕಣ್ಣೀರು ಇಳಿಯಿತು. "ಅಯ್ಯೋ ಪಾಪಿ ನಾನು! ಅದು ಮೊದಲೇ ಸೋರ್ತಾ ಇತ್ತು ಕಣ್ರೀ. ನೀರಿನ ಟ್ಯಾಂಕ್ ತಿರುವಲ್ಲಿ ನಾನೇ ಕಲ್ಲಿನ ಮೇಲೆ ಹತ್ತಿಸಿದ್ದೆ. ಎಷ್ಟು ಬಿಗಿದ್ರೂ ನಿಲ್ಲಲಿಲ್ಲ. ನೀವು ನಾಲ್ಕು ದಿನ ಓಡಿಸಿದ್ರೆ ತಪ್ಪು ನಿಮ್ಮ ತಲೆ ಮೇಲೆ ಹಾಕ್ಬಹುದು ಅಂತ ಇಲ್ಲಿ ತಂದು ಬಿಟ್ಟೆ. ನನ್ನನ್ನ ಕ್ಷಮಿಸಿ, ಸಾಯ್ಬೇಡಿ!"

ಶೆಡ್ಡಿನಲ್ಲಿ ಎಲ್ಲರೂ ಬಿಕ್ಕಿದರು. ಅತ್ತೆ ಮಾತ್ರ ಚೀಲವನ್ನು ಪಕ್ಕಕ್ಕಿಟ್ಟು, ಬಗ್ಗಿ, ಅಳಿಯನ ಕೆನ್ನೆಗೆ ಬೆರಳು ತಾಗಿಸಿ ಮೂಸಿದರು.

"ಇದು ರಕ್ತ ಅಲ್ಲ," ಎಂದರು ಮೆಲ್ಲಗೆ. "ಗೇರ್ ಎಣ್ಣೆ."

 ನರ್ಸಮ್ಮ ನಾಡಿಯನ್ನು ನಿಧಾನವಾಗಿ ಅದರ ಜಾಗದಲ್ಲೇ ಬಿಟ್ಟರು. ಹೆಂಡತಿ ಗಂಡನ ಮುಖವನ್ನು ಸೆರಗಿನಿಂದ ಒರೆಸಿ ನೋಡಿ, ಬದುಕಿದ್ದಾನೆಂದು ಖಚಿತವಾದ ಮೇಲೆ, ಈ ಸೆರಗಿನ ಕಲೆ ಹೇಗೆ ಹೋಗುತ್ತದೆಂದು ಕೇಳಿದಳು. ಮಾವನವರ ತೊಡೆ ಗಟ್ಟಿಯಾದದ್ದು ಬಿಗಿಯಪ್ಪನ ತಲೆಗೆ ಗೊತ್ತಾಯಿತು.

"ರೀ," ಎಂದರು ಅತ್ತೆ, ಇನ್ನೂ ಮೆಲ್ಲಗೆ. "ಯಾವ ಕಲ್ಲು?"

ಮಾವನವರು ಎದ್ದು ಅಟೆನ್ಷನ್ನಿನಲ್ಲಿ ನಿಂತರು. ಬಿಗಿಯಪ್ಪನ ತಲೆ ನೆಲಕ್ಕೆ ಬಡಿಯಿತು.

"ಅದು... ಒಂದು ಸಣ್ಣ ಕಲ್ಲು ಕಣೇ."

"ಡಾಕ್ಟ್ರು ಓಡಿಸ್ಬೇಡಿ ಅಂದ ಮೇಲಾ, ಮುಂಚೇನಾ?"

ಮಾವನವರು ಛಾವಣಿಯನ್ನು ಪರೀಕ್ಷಿಸಿದರು.

"ಕೀಲಿ ನನ್ನ ಬೀರುವಲ್ಲಿತ್ತು. ಬೀರುಗೆ ಬೀಗ ಹಾಕಿತ್ತು."

"ಹೇರ್‌ಪಿನ್ನಲ್ಲಿ ತೆಗೆಯೋದು... ಜೈಲಲ್ಲಿ ಒಬ್ಬ ಕೈದಿ ಕಲಿಸಿದ್ದ," ಎಂದರು ಮಾವನವರು. ಕಿಟಕಿ ಸರಳು ಅಲ್ಲಾಡಿಸುತ್ತಿದ್ದ ಆ ಕೈಗಳು ಈಗ ಅಂಗಿಯ ಗುಂಡಿಯೊಂದನ್ನು ತಿರುವುತ್ತಿದ್ದವು. ಅವರ ಹಣೆಯಲ್ಲಿ ಬೆವರು ಮೂಡಿದ್ದನ್ನು ಬಿಗಿಯಪ್ಪ ಕೆಳಗಿನಿಂದ ನೋಡಿದ. ಅದು ಎಂಥ ಬೆವರೆಂದು ಅವನಿಗೆ ಗೊತ್ತಿತ್ತು. ಅಂಥದ್ದು ಅವನಿಗೆ ದಿನಾ ಬರುತ್ತಿತ್ತು.

ಆದರೂ ಅವನಿಗೆ ದುಃಖವೇ ಆಯಿತು. ನಂಬಿ ಕೊಟ್ಟಿದ್ದಲ್ಲ. ಹೊರಿಸಲಿಕ್ಕೆ ಕೊಟ್ಟಿದ್ದು. ಆ ಕೀಲಿಯನ್ನು ಅಂಗೈಯಲ್ಲಿ ಹಿಡಿದು ಕಣ್ತುಂಬಿಕೊಂಡಿದ್ದನ್ನು ನೆನೆದು ನಾಚಿಕೆಯಾಯಿತು. ಅವನು ಎದ್ದು ಕುಳಿತು ಸ್ಪ್ಯಾನರನ್ನು ಒರೆಸತೊಡಗಿದ.

ಅತ್ತೆ ಅವನನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು. ಆಮೇಲೆ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ತಗ್ಗಿದ ದನಿಯಲ್ಲೇ ಒಬ್ಬೊಬ್ಬರಿಗೂ ಕೆಲಸ ಹೇಳಿದರು. ಆ ದನಿಗೆ ಇಲ್ಲವೆನ್ನುವ ಗಂಡಸು ಅಲ್ಲಿರಲಿಲ್ಲ. ಸೂಪರಿಂಟೆಂಡೆಂಟರು, ತಾವು ಯಾರೆಂಬುದನ್ನು ಮರೆತು, ಹೊಸ ಗ್ಯಾಸ್ಕೆಟ್ಟು, ಬೋಲ್ಟು, ಎಣ್ಣೆ ತರಲು ಅಂಗಡಿಗೆ ಓಡಿದರು. ನರ್ಸಮ್ಮ ಟಾರ್ಚು ಹಿಡಿದರು. ಬಿಗಿಯಪ್ಪನೂ ಮಾವನವರೂ ಅಕ್ಕಪಕ್ಕದಲ್ಲಿ ಅಂಗಾತ ಮಲಗಿ ಕಾರಿನ ಕೆಳಗೆ ಜಾರಿದರು.

ತಟ್ಟೆ ಕೆಳಗಿಳಿಯಿತು. ಅದರ ಅಂಚು ಅಲೆಯಲೆಯಾಗಿ ಬಾಗಿತ್ತು. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿ, "ಅರ್ಧ ನೀವು ಬಿಗಿದದ್ದು, ಅರ್ಧ ಅವರು ಬಿಗಿದದ್ದು," ಎಂದು ಗಂಡನಿಗೆ ಹೇಳಿದರು. "ಕುಕ್ಕರ್ ಗ್ಯಾಸ್ಕೆಟ್ಟನ್ನ ಹೀಗೆ ಹಿಂಡಿದ್ರೆ ಅನ್ನ ಆಗುತ್ತಾ? ಅದು ಕೂತ್ಕೋಬೇಕು. ಹಿಂಡೋದಲ್ಲ." ಆ ಬಾಗನ್ನೆಲ್ಲ ಮರದ ತುಂಡಿನ ಮೇಲಿಟ್ಟು ತಾವೇ ಸುತ್ತಿಗೆಯಿಂದ ನಯವಾಗಿ ತಟ್ಟಿ ಸಮಮಾಡಿದರು. ಮುರಿದ ಬೋಲ್ಟಿನ ತುಂಡನ್ನು ಮಾವನವರು ಇಕ್ಕಳದಲ್ಲಿ ತಿರುಗಿಸಿ ತೆಗೆದರು. ಕಣ್ಣು ಕಾಣದ್ದರಿಂದ ಬಿಗಿಯಪ್ಪ ಅವರ ಮಣಿಕಟ್ಟು ಹಿಡಿದು ಜಾಗ ತೋರಿಸಬೇಕಾಯಿತು.

ಹೊಸ ಗ್ಯಾಸ್ಕೆಟ್ಟು ಕೂತಿತು. ಒಂದು ಬೋಲ್ಟು ಈ ಕಡೆ, ಒಂದು ಎದುರು ಕಡೆ, ಹೀಗೆ ಸುತ್ತಲೂ ಒಂದೇ ಸಮ ಹಾಕಿದರು. ಬೋಲ್ಟು ತಡೆದು ನಿಂತ ಮೇಲೆ ಸ್ಪ್ಯಾನರನ್ನು ಎರಡು ಬೆರಳಿನಲ್ಲಿ ಮಾತ್ರ ಹಿಡಿದು, ಚೂರೇ ಚೂರು. ಎಣ್ಣೆ ತುಂಬಿದರು. ಅತ್ತೆ ಇಂಜಿನ್ನು ಚಾಲೂ ಮಾಡಿ ಗೇರಿನ ಹಿಡಿಯನ್ನು ಹಿಂದೆ ಮುಂದೆ ಎಳೆದು, ನಿಲ್ಲಿಸಿ ಇಳಿದು ಬಂದರು. ಗಂಡಸರಿಬ್ಬರೂ ಮತ್ತೆ ಕೆಳಗೆ ಹೋಗಿ ತಟ್ಟೆಯ ಅಂಚಿನ ಮೇಲೆ ದೃಷ್ಟಿ ನೆಟ್ಟು ಮಲಗಿದರು.

ಹನಿ ಬೀಳಲಿಲ್ಲ.

ಬಿಗಿಯಪ್ಪನ ಕೈ ತುರಿಸಿತು. ಈಗ ಬೀಳದಿದ್ದರೂ ಆಮೇಲೆ ಬಿದ್ದರೆ? ಇನ್ನೊಂದೇ ಒಂದು ಸುತ್ತು? ಅವನ ಸ್ಪ್ಯಾನರ್ ಮೆಲ್ಲನೆ ಮೇಲೆದ್ದಿತು. ಪಕ್ಕದಲ್ಲಿ ಮಾವನವರ ಸ್ಪ್ಯಾನರೂ ಎದ್ದಿತ್ತು.

"ಸಾಕು ಅಂದೆ," ಎಂದಿತು ಹೊರಗಿನಿಂದ ಆ ಮೆತ್ತನೆಯ ದನಿ.

ಎರಡು ಸ್ಪ್ಯಾನರುಗಳೂ ಒಟ್ಟಿಗೆ ಕೆಳಗಿಳಿದವು. ಹೊರಗೆ ಹೆಂಡತಿ ನರ್ಸಮ್ಮನಿಗೂ ಸೂಪರಿಂಟೆಂಡೆಂಟರಿಗೂ ಕಾಫಿ ಕೊಡುವ ಸದ್ದು ಕೇಳಿಸಿತು. ಸಕ್ಕರೆ ಡಬ್ಬಿಯ ಮುಚ್ಚಳ ಬರುತ್ತಿಲ್ಲವೆಂಬ ಬೈಗುಳವೂ ಕೇಳಿಸಿತು. ಕಾರಿನ ಕೆಳಗಿದ್ದವರಿಬ್ಬರೂ ಹೊರಗೆ ಬರುವ ಲಕ್ಷಣ ತೋರಲಿಲ್ಲ. ಎಣ್ಣೆಯ ಕೆಲಸ ಮುಗಿದಿತ್ತು. ಬೀರುವಿನ ಬೀಗದ ವಿಚಾರಣೆ ಬಾಕಿಯಿತ್ತು.

ಆಗ ಬಿಗಿಯಪ್ಪನ ತೋಳಿಗೆ ಒಂದು ದಪ್ಪ ಮೊಣಕೈ ತಿವಿಯಿತು. ಕಿವಿಯ ಹತ್ತಿರ, ಕೈದಿಯೊಬ್ಬ ಪಕ್ಕದ ಕೋಣೆಯವನಿಗೆ ಪಿಸುಗುಟ್ಟುವಷ್ಟು ಸಣ್ಣಗೆ, ಮಾವನವರ ದನಿ ಬಂತು.

"ಅಳಿಯಂದ್ರೇ..."

ಬಿಗಿಯಪ್ಪನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಏನು ಮಾವ?"

"ನನಗೆ ಕಣ್ಣು ಕಾಣಲ್ಲ. ಅವಳ ಚಪ್ಪಲಿ ಒಳಗೆ ಹೋಯ್ತಾ, ಸ್ವಲ್ಪ ನೋಡಿ ಅಳಿಯಂದ್ರೇ."

ಬಿಗಿಯಪ್ಪ ಕತ್ತು ಹೊರಳಿಸಿ ನೋಡಿದ. ಪುಟ್ಟ ಚಪ್ಪಲಿ ಚಕ್ರದ ಪಕ್ಕದಲ್ಲೇ ಇತ್ತು.

"ಇಲ್ಲೇ ಇದೆ ಮಾವ," ಎಂದು ಪಿಸುಗುಟ್ಟಿ, ಅವರು ಒರಗಿಕೊಳ್ಳಲೆಂದು ಸ್ವಲ್ಪ ಜಾಗ ಬಿಟ್ಟ.